ಛಾವಣಿಗೆ ದುರಸ್ತಿ ಸಾಕೇ, ಬದಲಾವಣೆಯೇ ಬೇಕೇ? ಮನೆಯವರು ತಾವೇ ನಡೆಸಬಹುದಾದ ಹಂತಹಂತದ ಪರೀಕ್ಷೆ

ಛಾವಣಿಗೆ ಎರಡು ಹೊಣೆಗಳಿವೆ. ಮಳೆ, ಬಿಸಿಲು ಒಳಗೆ ಬಾರದಂತೆ ತಡೆಯುವುದು ಒಂದು. ತನ್ನ ಭಾರವನ್ನೂ ತನ್ನ ಮೇಲೆ ಬಂದ ಭಾರವನ್ನೂ ಗೋಡೆಗಳಿಗೆ ಮತ್ತು ಕಂಬಗಳಿಗೆ ಸಾಗಿಸುವುದು ಇನ್ನೊಂದು. ಸೋರಿದ ನೀರು ಕಣ್ಣಿಗೆ ಬೀಳುವುದರಿಂದ ಮನೆಯವರ ಚಿಂತೆಯೆಲ್ಲ ಮೊದಲನೆಯದರ ಸುತ್ತಲೇ ಇರುತ್ತದೆ. ಹೊರುವ ಶಕ್ತಿ ಕುಂದುವುದಾದರೋ ಬಣ್ಣದ ಹಿಂದೆ, ಗಾರೆಯ ಒಳಗೆ, ಹೆಂಚಿನ ಕೆಳಗೆ ನಡೆಯುವ ಸಂಗತಿ. ಧಾರಾಳವಾಗಿ ಸೋರುವ ತಾರಸಿ ರಚನೆಯ ದೃಷ್ಟಿಯಿಂದ ಪೂರ್ತಿ ಗಟ್ಟಿಯಾಗಿರಬಹುದು, ಪೈಪಿನ ಬುಡದಲ್ಲಿ ಉಳಿದ ಒಂದು ಸಂದನ್ನು ಮುಚ್ಚಿದರೆ ಅದರ ತೊಂದರೆ ಮುಗಿಯಬಹುದು. ಒಂದು ಹನಿಯೂ ಬೀಳದ ತಾರಸಿಯ ಕಂಬಿಗಳು ತುಕ್ಕು ಹಿಡಿದು ಸವೆದಿರಲೂಬಹುದು. ಆದ್ದರಿಂದ ‘ಸೋರುತ್ತಿದೆಯೇ?’ ಎಂಬ ಪ್ರಶ್ನೆಯನ್ನೂ ‘ಹೊರುತ್ತಿದೆಯೇ?’ ಎಂಬ ಪ್ರಶ್ನೆಯನ್ನೂ ಬೇರೆ ಬೇರೆಯಾಗಿ ಕೇಳಿ, ಎರಡಕ್ಕೂ ಉತ್ತರ ಸಿಕ್ಕ ಮೇಲಷ್ಟೇ ದುರಸ್ತಿಯೋ ಬದಲಾವಣೆಯೋ ಎಂದು ತೀರ್ಮಾನಿಸಬೇಕು. ಇಲ್ಲಿ ಕಾಂಕ್ರೀಟ್ ತಾರಸಿ, ಹೆಂಚಿನ ಮಾಡು, ಶೀಟಿನ ಮಾಡು ಮೂರನ್ನೂ ನೋಡಲಾಗಿದೆ; ತಾರಸಿಯ ಲಕ್ಷಣಗಳನ್ನು ಓದುವುದು ಹೆಚ್ಚು ಕಷ್ಟವಾದ್ದರಿಂದ ಅದಕ್ಕೆ ಹೆಚ್ಚು ಜಾಗ ಸಂದಿದೆ.

ಹಂತ 1: ಸಿದ್ಧತೆ ಮತ್ತು ಎಚ್ಚರಿಕೆ

ಪರೀಕ್ಷೆಯನ್ನು ವರ್ಷಕ್ಕೆ ಎರಡು ಬಾರಿ ನಡೆಸುವುದು ಒಳ್ಳೆಯದು: ಕೆಲಸ ಮಾಡಿಸಲು ಒಣ ದಿನಗಳು ಇನ್ನೂ ಉಳಿದಿರುವಂತೆ ಮಳೆಗಾಲಕ್ಕೆ ಒಂದೆರಡು ತಿಂಗಳು ಮೊದಲು ಒಮ್ಮೆ, ಮಳೆ ಚೆನ್ನಾಗಿ ಹಿಡಿದ ಮೇಲೆ ಇನ್ನೊಮ್ಮೆ. ಜೋರು ಗಾಳಿ ಅಥವಾ ಆಲಿಕಲ್ಲು ಬಿದ್ದ ನಂತರ ಹೆಂಚು ಮತ್ತು ಶೀಟಿನ ಮಾಡುಗಳನ್ನು ಪ್ರತ್ಯೇಕವಾಗಿ ನೋಡಬೇಕು. ಬೇಕಾಗುವ ಸಲಕರಣೆಗಳು ಹೆಚ್ಚಿಲ್ಲ. ಪ್ರಖರವಾದ ಟಾರ್ಚ್, ಸಣ್ಣ ಸುತ್ತಿಗೆ, ಸ್ಕ್ರೂಡ್ರೈವರ್, ಟೇಪು, ಗಟ್ಟಿ ದಾರ, ಪೆನ್ಸಿಲ್ ಮತ್ತು ಕ್ಯಾಮೆರಾ ಇರುವ ಫೋನ್ ಸಾಕು. ಕೋಣೆಗಳು, ತೊಲೆಗಳು, ನೀರಿನ ತೊಟ್ಟಿ, ಮಳೆನೀರಿನ ಕೊಳವೆಗಳು ಎಲ್ಲೆಲ್ಲಿವೆ ಎಂಬುದನ್ನು ಒಂದು ಹಾಳೆಯಲ್ಲಿ ನಕ್ಷೆಯಾಗಿ ಬರೆದುಕೊಂಡು, ಕಂಡದ್ದನ್ನೆಲ್ಲ ಅದರ ಮೇಲೆ ದಿನಾಂಕ ಸಮೇತ ಗುರುತಿಸುತ್ತ ಹೋಗಬೇಕು. ನೆನಪಿನಿಂದ ಹೇಳುವ ‘ಹೋದ ವರ್ಷವೂ ಹೀಗೇ ಇತ್ತು’ ಎಂಬ ಮಾತು ಇಂಥ ವಿಷಯದಲ್ಲಿ ಯಾರಿಗೂ ಉಪಯೋಗವಿಲ್ಲ.

ಹೆಂಚಿನ ಅಥವಾ ಶೀಟಿನ ಮಾಡಿನ ಮೇಲೆ ಅಭ್ಯಾಸವಿಲ್ಲದವರು ಹತ್ತಲೇಬಾರದು. ಹಳೆಯ ಸಿಮೆಂಟ್ ಶೀಟು ನೋಡಲು ಗಟ್ಟಿಯಾಗಿದ್ದರೂ ಮನುಷ್ಯನ ಕಾಲಿಟ್ಟ ಕ್ಷಣದಲ್ಲಿ ಮುರಿಯಬಲ್ಲದು. ಏಣಿಯ ಮೇಲೆ ನಿಂತು ಅಂಚಿನಿಂದ ನೋಡುವುದು, ಎದುರಿನ ಎತ್ತರದ ಜಾಗದಿಂದ ಫೋನಿನಲ್ಲಿ ಚಿತ್ರವನ್ನು ಹಿಗ್ಗಿಸಿ ನೋಡುವುದು ಮೊದಲ ಅಂದಾಜಿಗೆ ಸಾಕು. ಸೋರಿದ ನೀರು ವಿದ್ಯುತ್ ದೀಪ ಅಥವಾ ಫ್ಯಾನಿನ ಬಳಿ ಕಂಡರೆ, ಬೇರೇನೂ ಮಾಡುವ ಮುನ್ನ ಆ ಸರ್ಕ್ಯೂಟನ್ನು ಸ್ಥಗಿತಗೊಳಿಸಬೇಕು.

ಹಂತ 2: ಒಳಗಿನಿಂದ ತೇವದ ಗುರುತುಗಳನ್ನು ಓದುವುದು

ಒಳಛಾವಣಿಯ ಮೇಲಿನ ಪ್ರತಿ ಕಲೆಯೂ ಛಾವಣಿಯ ದೋಷವಲ್ಲ, ಮತ್ತು ಕಲೆ ಇರುವ ಜಾಗದ ನೇರ ಮೇಲೆಯೇ ದೋಷವಿರಬೇಕೆಂದೂ ಇಲ್ಲ. ತಾರಸಿಯಲ್ಲಿ ಇಳಿದ ನೀರು ಬಿರುಕುಗಳನ್ನು, ವಿದ್ಯುತ್ ಪೈಪುಗಳನ್ನು ಅನುಸರಿಸಿ ಅಡ್ಡಡ್ಡವಾಗಿ ಸಾಗಿ, ಎಲ್ಲೋ ದೂರದಲ್ಲಿ, ಬಹಳ ಸಲ ಫ್ಯಾನಿನ ಕೊಕ್ಕೆಯ ಬುಡದಲ್ಲಿ, ಹೊರಬರುತ್ತದೆ. ಹೆಂಚಿನ ಮಾಡಿನಲ್ಲಿ ಪಕ್ಕಾಸಿನ, ಅಂದರೆ ಮಾಡನ್ನು ಹೊರುವ ಇಳಿಜಾರಾದ ಮರದ, ಕೆಳಮೈ ಹಿಡಿದು ಜಾರಿ, ಗೋಡೆಗೆ ತಾಗಿದ ಕಡೆ ಇಳಿಯುತ್ತದೆ. ಆದ್ದರಿಂದ ಕಲೆಯಿಂದ ಇಳಿಜಾರಿನ ಮೇಲ್ಮುಖವಾಗಿ ಹುಡುಕುತ್ತ ಹೋಗಬೇಕು.

ಮೂಲ ಯಾವುದೆಂದು ಬೇರ್ಪಡಿಸಲು ಕಾಲವನ್ನು ಗಮನಿಸುವುದೇ ಸರಳ ವಿಧಾನ. ಮಳೆ ಸುರಿದು ಕೆಲವು ಗಂಟೆಗಳಲ್ಲಿ ಕಲೆ ಹಿಗ್ಗಿ, ಒಣ ಹವೆಯಲ್ಲಿ ಕುಗ್ಗಿದರೆ ದೋಷ ಛಾವಣಿಯದು. ಮಳೆಯಿಲ್ಲದ ತಿಂಗಳಲ್ಲೂ ಒಂದೇ ಪ್ರಮಾಣದಲ್ಲಿ ತೇವವಾಗಿದ್ದರೆ ಮೇಲಿನ ತೊಟ್ಟಿ, ಕೊಳವೆ ಅಥವಾ ಮೇಲಂತಸ್ತಿನ ಬಚ್ಚಲುಮನೆಯನ್ನು ಶಂಕಿಸಬೇಕು. ರಾತ್ರಿ ಎಲ್ಲ ನಲ್ಲಿಗಳನ್ನೂ ಮುಚ್ಚಿ, ತೊಟ್ಟಿಗೆ ನೀರು ಏರುವುದನ್ನು ನಿಲ್ಲಿಸಿ, ಅದರ ಮಟ್ಟವನ್ನು ಗುರುತು ಮಾಡಿ ಬೆಳಗ್ಗೆ ನೋಡಿದರೆ ಸಂಶಯ ಬಹುಮಟ್ಟಿಗೆ ತೀರುತ್ತದೆ. ಮೂರನೆಯದು, ಗಾಳಿಯಾಡದ ಕೋಣೆಗಳಲ್ಲಿ ತಣ್ಣನೆಯ ಛಾವಣಿಯ ಮೇಲೆ ಒಳಗಿನ ಆವಿಯೇ ನೀರಾಗಿ ಕೂತು ಬೂಷ್ಟು ಹಿಡಿಯುವುದು. ಇದನ್ನು ಗುರುತಿಸಲು ಕಲೆಯ ಮೇಲ್ಮೈಯನ್ನು ಒರೆಸಿ ಒಣಗಿಸಿ, ಒಂದು ಅಡಿ ಅಗಲದ ಅಲ್ಯೂಮಿನಿಯಂ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪು ಅಂಟಿಸಿ ಒಂದೆರಡು ದಿನ ಬಿಡಬೇಕು. ಕೋಣೆಯ ಕಡೆಯ ಮೈ ಒದ್ದೆಯಾಗಿದ್ದರೆ ಆವಿಯ ಕೆಲಸ. ಛಾವಣಿಯ ಕಡೆಯ ಮೈ ಒದ್ದೆಯಾಗಿದ್ದರೆ ನೀರು ಮೇಲಿನಿಂದ ಬರುತ್ತಿದೆ. ಆವಿಯ ತೊಂದರೆಗೆ ತಾರಸಿಯ ಮೇಲೆ ಎಷ್ಟು ಪದರ ಬಳಿದರೂ ಫಲವಿಲ್ಲ, ಅದಕ್ಕೆ ಕಿಟಕಿ ಮತ್ತು ಗಾಳಿಯಾಟವೇ ಮದ್ದು.

ಕಲೆಯ ಬಣ್ಣವೂ ಮಾತಾಡುತ್ತದೆ. ಬಿಳಿಯ ಪುಡಿ ಏಳುವುದೆಂದರೆ ನೀರು ಕಾಂಕ್ರೀಟಿನೊಳಗಿನ ಲವಣಗಳನ್ನು ಕರಗಿಸಿ ತಂದು ಮೇಲ್ಮೈಯಲ್ಲಿ ಬಿಟ್ಟು ಆರಿದೆ ಎಂದರ್ಥ; ಇದು ನೀರಿನ ದಾರಿಯನ್ನು ತೋರುವ ಗುರುತೇ ಹೊರತು ಅಪಾಯದ ಗುರುತಲ್ಲ. ಕಂದು ಅಥವಾ ಕಿತ್ತಳೆ ಬಣ್ಣದ ಗೆರೆ ಕಂಡರೆ ಮಾತು ಬೇರೆ, ಏಕೆಂದರೆ ಆ ಬಣ್ಣ ತುಕ್ಕಿನದಾಗಿರುವ ಸಾಧ್ಯತೆ ಹೆಚ್ಚು. ಅಂಥ ಗೆರೆಗಳನ್ನು ನಕ್ಷೆಯಲ್ಲಿ ಬೇರೆ ಚಿಹ್ನೆಯಿಂದ ಗುರುತಿಸಿ ನಾಲ್ಕನೆಯ ಹಂತಕ್ಕೆ ಇಟ್ಟುಕೊಳ್ಳಬೇಕು.

ಹಂತ 3: ತಾರಸಿಯ ಮೇಲ್ಮೈ

ಜೋರು ಮಳೆಯ ನಂತರ ತಾರಸಿಗೆ ಹತ್ತಿ ನೀರು ಎಲ್ಲಿ ನಿಂತಿದೆ ಎಂದು ನೋಡಿ, ಸೀಮೆಸುಣ್ಣದಿಂದ ಆ ಗುಂಡಿಗಳ ಅಂಚನ್ನು ಬರೆಯಬೇಕು. ಮಳೆ ನಿಂತು 48 ಗಂಟೆಗಳಾದ ಮೇಲೂ ನೀರು ಉಳಿದಿದ್ದರೆ ಇಳಿಜಾರು ಸಾಲದೆಂದು ತಿಳಿಯಬಹುದು; ಸಾಮಾನ್ಯವಾಗಿ ಪ್ರತಿ ಮೀಟರಿಗೆ ಕನಿಷ್ಠ 10 ಮಿ.ಮೀ. ಇಳಿಜಾರು ಬೇಕು. ಒಂದು ಚದರ ಮೀಟರಿನ ಮೇಲೆ 1 ಸೆಂ.ಮೀ. ನೀರು ನಿಂತರೆ ಅದರ ತೂಕ 10 ಕಿಲೋ. ಭಾರಕ್ಕಿಂತ ದೊಡ್ಡ ಸಮಸ್ಯೆಯೆಂದರೆ, ನಿಂತ ನೀರಿಗೆ ಅತಿ ಸಣ್ಣ ಬಿರುಕನ್ನೂ ಹುಡುಕಿಕೊಳ್ಳಲು ಬೇಕಾದಷ್ಟು ಸಮಯ ಸಿಗುತ್ತದೆ.

ಬಯಲಾದ ತಾರಸಿಯ ನಡುಭಾಗ ಸೋರುವುದು ಕಡಿಮೆ, ಸೋರುವುದು ಹೆಚ್ಚಾಗಿ ಕೂಡುಗೆಗಳಲ್ಲಿ. ಪ್ಯಾರಾಪೆಟ್ ಗೋಡೆ ತಾರಸಿಗೆ ಸೇರುವ ಮೂಲೆ, ಮಳೆನೀರಿನ ಕೊಳವೆಯ ಬಾಯಿ, ತಾರಸಿಯನ್ನು ಕೊರೆದು ಬಂದ ಪೈಪುಗಳ ಬುಡ, ತೊಟ್ಟಿಯ ಪೀಠ, ಹಳೆಯ ಮತ್ತು ಹೊಸ ಕಾಂಕ್ರೀಟ್ ಸೇರುವ ಗೆರೆ ಇವನ್ನು ಬಗ್ಗಿ, ಬೆರಳಾಡಿಸಿ ನೋಡಬೇಕು. ಪ್ಯಾರಾಪೆಟ್ ಗೋಡೆಯ ನೆತ್ತಿಯನ್ನು ಜನ ಮರೆಯುತ್ತಾರೆ. ಅಲ್ಲಿನ ಗಾರೆ ಒಡೆದರೆ ನೀರು ಗೋಡೆಯೊಳಗೇ ಇಳಿದು, ಮೇಲೆ ಬಳಿದ ಜಲನಿರೋಧಕ ಪದರದ ಹಿಂಬದಿಯಿಂದ ಒಳಗೆ ಬರುತ್ತದೆ. ಹಕ್ಕಿಗಳು ತಂದ ಬೀಜದಿಂದ ಸಂದಿಯಲ್ಲಿ ಹುಟ್ಟಿದ ಆಲ, ಅರಳಿ, ಅತ್ತಿಯ ಸಸಿಗಳನ್ನು ಎರಡೆಲೆ ಇರುವಾಗಲೇ ಬೇರುಸಹಿತ ತೆಗೆಯಬೇಕು. ಕಾಂಡ ಕತ್ತರಿಸಿ ಬಿಟ್ಟರೆ ಬೇರು ಒಳಗೇ ದಪ್ಪವಾಗುತ್ತ ಗೋಡೆಯನ್ನು ಸೀಳುತ್ತದೆ.

ಜಲನಿರೋಧಕ ಲೇಪನವು ಗುಳ್ಳೆಯೆದ್ದಿದ್ದರೆ, ಮೊಸಳೆಯ ಚರ್ಮದಂತೆ ಬಿರಿದಿದ್ದರೆ, ಅಂಚನ್ನು ಉಗುರಿನಿಂದ ಎತ್ತಿದಾಗ ಹಾಳೆಯಾಗಿ ಏಳುತ್ತಿದ್ದರೆ ಅದರ ಆಯುಷ್ಯ ಮುಗಿದಿದೆ. ಇದು ಛಾವಣಿಯ ಬದಲಾವಣೆಯಲ್ಲ, ಮೇಲಿನ ಹೊದಿಕೆಯ ಬದಲಾವಣೆ ಮಾತ್ರ. ತಾರಸಿಯ ಮಟ್ಟದಲ್ಲಿ ಹೊರಗೋಡೆಯ ಉದ್ದಕ್ಕೂ ಅಡ್ಡ ಬಿರುಕು ಕಂಡರೆ ಬಹಳ ಮಂದಿ ಗಾಬರಿಯಾಗುತ್ತಾರೆ. ಹೆಚ್ಚಿನ ಸಂದರ್ಭಗಳಲ್ಲಿ ಅದಕ್ಕೆ ಬಿಸಿಲೇ ಕಾರಣ: 10 ಮೀಟರ್ ಉದ್ದದ ಕಾಂಕ್ರೀಟ್ ತನ್ನ ಉಷ್ಣತೆ 30 ಡಿಗ್ರಿ ಸೆಲ್ಸಿಯಸ್ ಏರಿದಾಗ ಸುಮಾರು 3 ಮಿ.ಮೀ. ಹಿಗ್ಗುತ್ತದೆ, ಕೆಳಗಿನ ಗೋಡೆ ಅಷ್ಟು ಹಿಗ್ಗುವುದಿಲ್ಲ, ಆದ್ದರಿಂದ ನಡುವಿನ ಗಾರೆ ಸೀಳುತ್ತದೆ. ಗಟ್ಟಿ ಸಿಮೆಂಟಿನಿಂದ ಮುಚ್ಚಿದರೆ ಅದು ಮತ್ತೆ ಒಡೆಯುವುದೇ ಸರಿ. ಹಿಗ್ಗಿ ಕುಗ್ಗಬಲ್ಲ ಮೆದು ಸೀಲೆಂಟ್ ತುಂಬಿ, ತಾರಸಿಗೆ ಬಿಸಿಲನ್ನು ಹಿಂದಟ್ಟುವ ತಿಳಿಬಣ್ಣ ಬಳಿದರೆ ಪರಿಹಾರ ಬಾಳುತ್ತದೆ.

ಹಂತ 4: ತಾರಸಿಯ ಕೆಳಮೈ, ಅಂದರೆ ಹೊರುವ ಶಕ್ತಿಯ ಪರೀಕ್ಷೆ

ಕಾಂಕ್ರೀಟಿನೊಳಗಿನ ಕಂಬಿ ತುಕ್ಕು ಹಿಡಿಯದಿರುವುದಕ್ಕೆ ಕಾರಣ, ಹೊಸ ಕಾಂಕ್ರೀಟಿನ ತೀವ್ರ ಕ್ಷಾರಗುಣ. ಅದರ ಪಿಎಚ್ 12ಕ್ಕೂ ಮೇಲಿದ್ದು, ಕಂಬಿಯ ಸುತ್ತ ತೆಳುವಾದ ರಕ್ಷಕ ಪೊರೆಯೊಂದು ಉಳಿಯುತ್ತದೆ. ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ವರ್ಷಗಳ ಕಾಲ ಒಳಗಿಳಿದು ಈ ಕ್ಷಾರವನ್ನು ತಗ್ಗಿಸುತ್ತ ಬರುತ್ತದೆ. ಸಮುದ್ರದ ಹತ್ತಿರದ ಮನೆಗಳಲ್ಲಿ ಹಾಗೂ ಉಪ್ಪುನೀರು ಬಳಸಿ ಕಟ್ಟಿದಲ್ಲಿ ಕ್ಲೋರೈಡ್ ಆ ಪೊರೆಯನ್ನು ನೇರವಾಗಿಯೇ ಒಡೆಯುತ್ತದೆ. ಕಂಬಿಯ ಕೆಳಗಿನ ಹೊದಿಕೆ 20 ಮಿ.ಮೀ. ಇರಬೇಕಾದಲ್ಲಿ 8 ಅಥವಾ 10 ಮಿ.ಮೀ. ಇದ್ದರೆ ಈ ಪಯಣ ಬೇಗ ಮುಗಿಯುತ್ತದೆ. ಪೊರೆ ಹೋದ ಮೇಲೆ ತೇವವೂ ಆಮ್ಲಜನಕವೂ ಸೇರಿ ಉಂಟಾಗುವ ತುಕ್ಕು ಮೂಲ ಉಕ್ಕಿನ ಎರಡರಿಂದ ಆರು ಪಟ್ಟು ಜಾಗ ಬೇಡುತ್ತದೆ. ಆ ಒತ್ತಡಕ್ಕೆ ಕಾಂಕ್ರೀಟ್ ಮೊದಲು ಕಂಬಿಯ ಗುಂಟ ಬಿರಿಯುತ್ತದೆ, ಬಳಿಕ ಪೊಳ್ಳಾಗುತ್ತದೆ, ಕೊನೆಗೆ ಹಕ್ಕಳೆಯಾಗಿ ಕಳಚಿ ಬೀಳುತ್ತದೆ. ಕೆಳಗಿನಿಂದ ಹುಡುಕಬೇಕಾದದ್ದು ಇದೇ ಕ್ರಮದ ಗುರುತುಗಳನ್ನು.

ಬಿರುಕುಗಳ ಹರಹನ್ನು ಮೊದಲು ನೋಡಬೇಕು. ಬಲೆಯಂತೆ ಎಲ್ಲ ದಿಕ್ಕಿಗೂ ಹರಡಿದ ಕೂದಲೆಳೆಯ ಬಿರುಕುಗಳು ಗಾರೆ ಒಣಗುವಾಗ ಆದವು. ಅವುಗಳಿಂದ ನಿದ್ದೆ ಕೆಡಿಸಿಕೊಳ್ಳಬೇಕಿಲ್ಲ. ಸಮಾನ ಅಂತರದಲ್ಲಿ, ನೇರ ಸಾಲುಗಳಲ್ಲಿ ಬಂದ ಬಿರುಕುಗಳು ಕಂಬಿಯ ಜಾಡನ್ನು ಹಿಡಿದವು, ಇವು ಗಂಭೀರ. ಅಗಲ ಅಳೆಯಲು ಬೇರೆ ಉಪಕರಣವಿಲ್ಲದಿದ್ದರೆ ಬ್ಯಾಂಕ್ ಕಾರ್ಡ್ ಸಾಕು: ಅದರ ದಪ್ಪ 0.76 ಮಿ.ಮೀ. ಕಾಂಕ್ರೀಟಿನಲ್ಲಿ ಸಾಮಾನ್ಯವಾಗಿ ಒಪ್ಪುವ ಮಿತಿ 0.3 ಮಿ.ಮೀ. ಆಗಿರುವುದರಿಂದ, ಕಾರ್ಡಿನ ಅಂಚು ಒಳಹೊಗುವ ಬಿರುಕು ಎಂಜಿನಿಯರನ್ನು ಕರೆಯಲು ಸಾಕಷ್ಟು ಕಾರಣ. ಬಿರುಕಿನ ಎರಡೂ ತುದಿಗೆ ಪೆನ್ಸಿಲಿನಿಂದ ಗೆರೆ ಎಳೆದು ದಿನಾಂಕ ಬರೆಯಬೇಕು. ಗೆರೆ ದಾಟಿ ಬೆಳೆದರೆ ಅದು ಜೀವಂತವಾಗಿದೆ.

ಎರಡನೆಯದು ಸದ್ದಿನ ಪರೀಕ್ಷೆ. ಸುತ್ತಿಗೆಯಿಂದ ಮೆಲ್ಲಗೆ, ಒಂದಡಿಗೊಂದರಂತೆ ತಟ್ಟುತ್ತ ಹೋದಾಗ ಗಟ್ಟಿ ಕಾಂಕ್ರೀಟ್ ಚುರುಕಾದ ಟಣ್ ಎಂಬ ಸದ್ದು ಕೊಡುತ್ತದೆ, ಪೊಳ್ಳಾದ ಜಾಗ ಮಂಕಾದ ಡಬ್ ಎಂಬ ಸದ್ದು ಕೊಡುತ್ತದೆ. ಕೆಲವೊಮ್ಮೆ ಗಾರೆ ಮಾತ್ರ ಬಿಟ್ಟುಕೊಂಡು, ಹಿಂದಿನ ಕಾಂಕ್ರೀಟ್ ಸರಿಯಾಗಿಯೇ ಇರುತ್ತದೆ; ಸಡಿಲ ಗಾರೆಯನ್ನು ತುಸು ತೆಗೆದು ನೋಡಿದರೆ ಗೊತ್ತಾಗುತ್ತದೆ. ಈಗಾಗಲೇ ಜೋತುಬಿದ್ದ ಭಾಗವನ್ನು ಮಾತ್ರ ತಟ್ಟಬಾರದು, ಅದರ ನೇರ ಕೆಳಗೆ ನಿಲ್ಲಲೂಬಾರದು. ಕಂಬಿ ಹೊರಗೆ ಕಂಡಲ್ಲಿ ತುಕ್ಕನ್ನು ಕೆರೆದು ಉಳಿದ ದಪ್ಪವನ್ನು ಅಳೆಯಬೇಕು. 10 ಮಿ.ಮೀ. ಕಂಬಿ 9 ಮಿ.ಮೀ. ಆಗಿದ್ದರೆ ‘ಒಂದೇ ಮಿಲಿಮೀಟರ್ ತಾನೆ’ ಎನಿಸಬಹುದು, ಆದರೆ ಅಡ್ಡಕೊಯ್ತದಲ್ಲಿ ಅದು ಸುಮಾರು ಶೇ. 19ರಷ್ಟು ಉಕ್ಕನ್ನು ಕಳೆದುಕೊಂಡಿದೆ.

ಮೂರನೆಯದು ಬಾಗು. ಕೋಣೆಯ ಚಿಕ್ಕ ಅಗಲದ ಎರಡು ತುದಿಗಳಲ್ಲಿ ಸಮಾನ ದಪ್ಪದ ಮರದ ತುಂಡುಗಳನ್ನು ಛಾವಣಿಗೆ ಒತ್ತಿ ಹಿಡಿದು, ಅವುಗಳ ಮೇಲೆ ದಾರವನ್ನು ಬಿಗಿಯಾಗಿ ಎಳೆದು, ನಡುವೆ ದಾರಕ್ಕೂ ಛಾವಣಿಗೂ ಇರುವ ಅಂತರ ಎಷ್ಟು ಕಡಿಮೆಯಾಗಿದೆ ಎಂದು ಅಳೆಯಬೇಕು. ಅಗಲದ 250ರಲ್ಲಿ ಒಂದು ಭಾಗ, ಅಂದರೆ 4 ಮೀಟರಿಗೆ 16 ಮಿ.ಮೀ., ಸಾಮಾನ್ಯ ಮಿತಿ. ಕಾಂಕ್ರೀಟ್ ಹಾಕುವಾಗಲೇ ಹಲಗೆ ತಗ್ಗಿ ಈ ಬಾಗು ಬಂದಿರಲೂಬಹುದಾದ್ದರಿಂದ, ಒಂದು ಅಳತೆಗಿಂತ ಕೆಲವು ತಿಂಗಳ ಅಂತರದ ಎರಡು ಅಳತೆಗಳ ವ್ಯತ್ಯಾಸ ಹೆಚ್ಚು ಹೇಳುತ್ತದೆ.

ಗೋಡೆಯಿಂದ ಹೊರಚಾಚಿದ ಸಜ್ಜಾ ಮತ್ತು ಬಾಲ್ಕನಿಗಳಲ್ಲಿ ಲೆಕ್ಕ ತಿರುಗುಮುರುಗು. ಅಲ್ಲಿ ಮುಖ್ಯ ಕಂಬಿಗಳು ಮೇಲ್ಭಾಗದಲ್ಲಿರುತ್ತವೆ, ಆದ್ದರಿಂದ ಅಪಾಯದ ಬಿರುಕು ಮೇಲ್ಮೈಯಲ್ಲಿ, ಗೋಡೆಗೆ ಅಂಟಿಕೊಂಡು ಉದ್ದಕ್ಕೂ ಬರುತ್ತದೆ; ಮಳೆನೀರು ಅದರ ಮೂಲಕ ನೇರವಾಗಿ ಭಾರ ಹೊತ್ತ ಕಂಬಿಗೇ ತಲುಪುತ್ತದೆ. ಕೆಳಗಿನಿಂದ ನೋಡಿ ಚೆನ್ನಾಗಿದೆ ಎಂದುಕೊಂಡ ಸಜ್ಜಾ ಮುನ್ಸೂಚನೆಯಿಲ್ಲದೆ ಬೀಳುವುದು ಇದರಿಂದಲೇ.

ಕೆಲವು ಲಕ್ಷಣಗಳು ಕಂಡರೆ ಪರೀಕ್ಷೆಯನ್ನು ಅಲ್ಲಿಗೇ ನಿಲ್ಲಿಸಿ ಕೋಣೆಯನ್ನು ತೆರವುಗೊಳಿಸಬೇಕು: ಛಾವಣಿಯಿಂದ ಬಿರಿಯುವ ಸದ್ದು ಕೇಳುವುದು, ಒಂದೆರಡು ದಿನಗಳಲ್ಲೇ ಬಿರುಕು ಎದ್ದು ಕಾಣುವಷ್ಟು ಅಗಲವಾಗುವುದು, ಸರಾಗವಾಗಿದ್ದ ಬಾಗಿಲು ಹಠಾತ್ತನೆ ಚೌಕಟ್ಟಿಗೆ ಸಿಕ್ಕಿಕೊಳ್ಳುವುದು, ತೊಲೆಯ ತುದಿಯಲ್ಲಿ ಓರೆ ಬಿರುಕು ಬರುವುದು. ಮೇಲಿನ ತೊಟ್ಟಿಯಲ್ಲಿ 1000 ಲೀಟರ್ ನೀರಿದ್ದರೆ ಅದು ಒಂದು ಟನ್. ಕೋಣೆ ತೆರವಾದ ಕೂಡಲೇ, ತಾರಸಿಗೆ ಹತ್ತದೆ ಕೆಳಗಿನ ನಲ್ಲಿಗಳಿಂದಲೇ ಅದನ್ನು ಖಾಲಿ ಮಾಡಬೇಕು.

ಹಂತ 5: ಹೆಂಚಿನ ಮಾಡು

ಹೆಂಚಿನ ಮಾಡಿನಲ್ಲಿ ಹೊದಿಕೆಯೂ ಎಲುಬೂ ಬೇರೆ ಬೇರೆ ವಸ್ತುಗಳಾಗಿರುವುದರಿಂದ ಪರೀಕ್ಷೆ ಸುಲಭ. ಹಗಲಿನಲ್ಲಿ ದೀಪ ಆರಿಸಿ ಅಟ್ಟದಿಂದ ಮೇಲೆ ನೋಡಿದರೆ, ಬೆಳಕು ನೇರವಾಗಿ ತೂರುವ ಜಾಗಗಳಲ್ಲಿ ಹೆಂಚು ಜಾರಿದೆ ಅಥವಾ ಒಡೆದಿದೆ. ತೆಗೆದ ಹೆಂಚನ್ನು ಬೆರಳ ಗೆಣ್ಣಿನಿಂದ ಬಡಿದಾಗ ಗಣಗಣ ಎಂದರೆ ಗಟ್ಟಿ, ಬಿರುಕಿದ್ದರೆ ಸದ್ದು ಸತ್ತಿರುತ್ತದೆ. ಮೇಲ್ಮೈ ಪದರಪದರವಾಗಿ ಉದುರುತ್ತಿದ್ದರೆ ಆ ಹೆಂಚು ನೀರು ಕುಡಿಯುತ್ತದೆ, ಮತ್ತು ಕುಡಿದ ನೀರಿನ ಭಾರವನ್ನು ಮರದ ಮೇಲೆ ಹೇರುತ್ತದೆ. ಎರಡು ಇಳಿಜಾರುಗಳು ಕೂಡುವ ನೆತ್ತಿಯ ಮೂಲೆಹೆಂಚುಗಳ ಗಾರೆ ಬಿಟ್ಟಿರುವುದು ಸೋರಿಕೆಯ ಅತಿ ಸಾಮಾನ್ಯ ಕಾರಣಗಳಲ್ಲೊಂದು, ಅದರ ದುರಸ್ತಿಯೂ ಸುಲಭ.

ಹೆಂಚಿಗಿಂತ ಮೊದಲು ಮುದಿಯಾಗುವುದು ಹೆಂಚು ಕೂರುವ ಅಡ್ಡಪಟ್ಟಿ, ಅಂದರೆ ರೀಪು, ಆಮೇಲೆ ಪಕ್ಕಾಸು. ಮನೆಯ ಎದುರು ದೂರ ನಿಂತು ನೆತ್ತಿಯ ಗೆರೆಯನ್ನು ನೋಡಬೇಕು; ಅದು ನಡುವೆ ಜಗ್ಗಿದ್ದರೆ ಅಥವಾ ಇಳಿಜಾರು ಅಲೆಯಾಗಿ ಕಂಡರೆ ತೊಂದರೆ ಮರದಲ್ಲಿದೆ. ಗೋಡೆಯ ಮೇಲೆ ಕೂರುವ ಪಕ್ಕಾಸಿನ ಬುಡ ಮತ್ತು ನೀರು ಸೋರಿದ ಜಾಗಗಳಲ್ಲಿ ಸ್ಕ್ರೂಡ್ರೈವರ್ ಚುಚ್ಚಿ ನೋಡಬೇಕು. ಅದು ಕೈಬಲದಿಂದಲೇ ಮೆತ್ತಗೆ ಇಳಿದರೆ ಮರ ಕೊಳೆತಿದೆ. ಮಣ್ಣಿನ ಕೊಳವೆಗಳಿದ್ದರೆ ಗೆದ್ದಲು. ಸಣ್ಣ ದುಂಡನೆಯ ತೂತುಗಳ ಕೆಳಗೆ ಹೊಸ ಹಿಟ್ಟು ಬಿದ್ದಿದ್ದರೆ ಕೊರೆಹುಳ ಇನ್ನೂ ಒಳಗಿದೆ. ಮರದ ತೇವ ಶೇ. 20ರ ಆಸುಪಾಸು ಮೀರಿ ಉಳಿದಾಗ ಶಿಲೀಂಧ್ರ ನೆಲೆಯೂರುವುದರಿಂದ, ಸೋರಿಕೆ ನಿಲ್ಲಿಸದೆ ಬರಿದೆ ಔಷಧ ಬಳಿಯುವುದು ವ್ಯರ್ಥ.

ಪಕ್ಕಾಸುಗಳು ನೇರವಾಗಿ, ಗಟ್ಟಿಯಾಗಿ ಇದ್ದು ರೀಪುಗಳಷ್ಟೇ ಹೋಗಿದ್ದರೆ, ಹೆಂಚು ಇಳಿಸಿ, ರೀಪು ಬದಲಿಸಿ, ಆರಿಸಿದ ಅದೇ ಹೆಂಚನ್ನು ಮತ್ತೆ ಹೊದಿಸಬಹುದು. ಹೊಸ ಹೆಂಚಿನ ಅಚ್ಚು ಹಳೆಯದಕ್ಕೆ ಹೊಂದದೆ ತೋಡುಗಳು ಕೂರದಿದ್ದರೆ ಎರಡನ್ನೂ ಬೆರೆಸಬಾರದು. ಹಳೆಯ ಒಳ್ಳೆಯ ಹೆಂಚುಗಳನ್ನೆಲ್ಲ ಒಂದು ಇಳಿಜಾರಿಗೆ ಒಟ್ಟುಮಾಡಿ, ಇನ್ನೊಂದಕ್ಕೆ ಪೂರ್ತಿ ಹೊಸದನ್ನು ಹಾಕುವುದು ಮೇಲು.

ಹಂತ 6: ಶೀಟಿನ ಮಾಡು

ತಗಡಿನ ಶೀಟಿನಲ್ಲಿ ಮೊದಲು ಸೋಲುವುದು ಸ್ಕ್ರೂವಿನ ಕೆಳಗಿನ ರಬ್ಬರ್ ವಾಷರ್. ಅದು ಒಣಗಿ ಬಿರಿದಿದ್ದರೆ ಸ್ಕ್ರೂ ಸಮೇತ ಬದಲಿಸಿದರೆ ಸಾಕು. ಮೇಲ್ಮೈಯ ಬಿಳಿ ಮಬ್ಬು ಸತುವಿನ ಲೇಪ ಸವೆಯುತ್ತಿರುವ ಗುರುತು, ಕೆಂಪು ತುಕ್ಕು ಆ ಲೇಪ ಮುಗಿದ ಗುರುತು. ಒಂದರ ಮೇಲೊಂದು ಶೀಟು ಕೂರುವ ಅಂಚುಗಳಲ್ಲಿ ನೀರು ಸಂದಿಗೆ ಎಳೆದುಕೊಂಡು ನಿಲ್ಲುವುದರಿಂದ ತುಕ್ಕು ಅಲ್ಲೇ ಒಳಗೊಳಗೆ ತಿನ್ನುತ್ತದೆ. ಅಲ್ಲಿ ಬೆಳಕಿನ ಚುಕ್ಕೆಗಳು ಸಾಲಾಗಿ ಕಂಡರೆ ಬಣ್ಣ ಬಳಿಯುವ ಹೊತ್ತು ಮೀರಿದೆ.

ಹಳೆಯ ಸಿಮೆಂಟ್ ಶೀಟುಗಳಲ್ಲಿ ಆಸ್ಬೆಸ್ಟಾಸ್ ನಾರು ಇರಬಹುದು. ಅದರ ಧೂಳು ಉಸಿರಿನೊಡನೆ ಒಳಹೋದರೆ ವರ್ಷಗಳ ನಂತರ ಶ್ವಾಸಕೋಶದ ಗಂಭೀರ ರೋಗಗಳಿಗೆ, ಕ್ಯಾನ್ಸರಿಗೂ, ಕಾರಣವಾಗುತ್ತದೆ. ಇಂಥ ಶೀಟನ್ನು ಉಜ್ಜುವುದು, ಕೊರೆಯುವುದು, ಮುರಿದು ಇಳಿಸುವುದು ಯಾವುದನ್ನೂ ಮನೆಯವರು ಮಾಡಬಾರದು. ತೆಗೆಯುವುದಾದರೆ ತರಬೇತಿ ಪಡೆದವರೇ ಒದ್ದೆ ಮಾಡಿ, ಇಡಿಯಾಗಿ ಇಳಿಸಬೇಕು.

ಹಂತ 7: ತೀರ್ಮಾನ

ಈಗ ನಕ್ಷೆಯನ್ನು ಎದುರಿಗಿಟ್ಟುಕೊಂಡು ಗುರುತುಗಳು ಹೇಗೆ ಹರಡಿವೆ ಎಂದು ನೋಡಬೇಕು. ತೇವವಿದ್ದು ತುಕ್ಕು, ಪೊಳ್ಳು, ಬಾಗು ಮೂರೂ ಇಲ್ಲದಿದ್ದರೆ ಕೆಲಸ ಜಲನಿರೋಧಕ ಪದರಕ್ಕೆ ಸೀಮಿತ. ತುಕ್ಕು ಒಂದೇ ಕಡೆ, ಉದಾಹರಣೆಗೆ ತೊಟ್ಟಿಯ ಕೆಳಗೆ ಅಥವಾ ಒಂದು ಕೊಳವೆಯ ಸುತ್ತ, ಇದ್ದರೆ ಕಾರಣವೂ ಸ್ಥಳೀಯ, ದುರಸ್ತಿಯೂ ಸ್ಥಳೀಯ. ಒಂದಕ್ಕೊಂದು ಸಂಬಂಧವಿಲ್ಲದ ಹಲವು ಕೋಣೆಗಳಲ್ಲಿ, ನೀರು ತಲುಪದ ಜಾಗಗಳಲ್ಲೂ ಕಂಬಿಯ ಸಾಲಿನ ಬಿರುಕು ಮತ್ತು ಪೊಳ್ಳು ಕಂಡರೆ ಇಡೀ ಕಾಂಕ್ರೀಟ್ ತನ್ನ ರಕ್ಷಣೆಯನ್ನು ಕಳೆದುಕೊಂಡಿದೆಯೆಂದೇ ಶಂಕಿಸಬೇಕು. ಅಂಥ ತಾರಸಿಗೆ ತೇಪೆ ಹಾಕುವುದರಲ್ಲಿ ಒಂದು ಅಪಾಯ ಅಡಗಿದೆ: ಕ್ಲೋರೈಡ್ ತುಂಬಿದ ಹಳೆಯ ಕಾಂಕ್ರೀಟಿನ ನಡುವೆ ಹೊಸ ತೇಪೆ ಬಂದಾಗ, ತೇಪೆಯ ಅಂಚಿನಾಚೆಯ ಕಂಬಿ ಮೊದಲಿಗಿಂತ ಬೇಗ ತುಕ್ಕು ಹಿಡಿಯತೊಡಗುತ್ತದೆ. ವರ್ಷಕ್ಕೊಂದು ಕೋಣೆಯಂತೆ ತೇಪೆ ಬೆಳೆಯುತ್ತಿದ್ದರೆ ಬದಲಾವಣೆಯ ಲೆಕ್ಕ ಹಾಕುವ ಕಾಲ ಬಂದಿದೆ ಎಂಬುದು ನನ್ನ ಅಭಿಪ್ರಾಯ.

ಸೋರಿದಾಗಲೆಲ್ಲ ಮೇಲೊಂದು ಗಾರೆಯ ಪದರ ಹಾಕಿಸುವ ರೂಢಿಯನ್ನು ನಾನು ಖಂಡಿತವಾಗಿ ಒಪ್ಪುವುದಿಲ್ಲ. 25 ಮಿ.ಮೀ. ದಪ್ಪದ ಪದರ ಚದರ ಮೀಟರಿಗೆ ಸುಮಾರು 50 ಕಿಲೋ ತೂಗುತ್ತದೆ; 100 ಚದರ ಮೀಟರ್ ತಾರಸಿಗೆ ಅದು 5 ಟನ್. ಸೋರುವುದನ್ನು ತಡೆಯಲು ಹೋಗಿ ಹೊರುವುದಕ್ಕೆ ಕುತ್ತು ತಂದುಕೊಂಡಂತಾಗುತ್ತದೆ. ಹೊಸ ಪದರ ಬೇಕೆಂದರೆ ಹಳೆಯದನ್ನು ಮೊದಲು ಕಿತ್ತು ತೆಗೆಯಬೇಕು.

ಹಂತ 8: ತಜ್ಞರ ಪರೀಕ್ಷೆ ಮತ್ತು ಕೆಲಸದ ಮೇಲ್ವಿಚಾರಣೆ

ನಾಲ್ಕನೆಯ ಹಂತದಲ್ಲಿ ಗಂಭೀರ ಗುರುತುಗಳು ಸಿಕ್ಕಿದ್ದರೆ, ಜಲನಿರೋಧಕ ಮಾರುವವರಿಗಿಂತ ಮೊದಲು, ಯಾವ ಸಾಮಗ್ರಿಯನ್ನೂ ಮಾರದ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರನ್ನು ಕರೆಯಬೇಕು. ಹೊಸದಾಗಿ ಒಡೆದ ಕಾಂಕ್ರೀಟಿನ ಮೇಲೆ ಫಿನಾಲ್ಫ್ತಲೀನ್ ದ್ರಾವಣ ಸಿಂಪಡಿಸುವ ಪರೀಕ್ಷೆಯನ್ನು ಅವರಿಂದ ಕೇಳಬಹುದು: ಕ್ಷಾರ ಉಳಿದ ಭಾಗ ಗುಲಾಬಿಯಾಗುತ್ತದೆ, ಕಳೆದುಕೊಂಡ ಭಾಗ ಬಣ್ಣವಿಲ್ಲದೆ ಉಳಿಯುತ್ತದೆ. ಬಣ್ಣವಿಲ್ಲದ ಪದರ ಕಂಬಿಯನ್ನು ದಾಟಿ ಒಳಗೆ ಹೋಗಿದ್ದರೆ ಇಂದು ಗಟ್ಟಿಯಾಗಿ ಕಾಣುವ ಜಾಗವೂ ಸುರಕ್ಷಿತವಲ್ಲ. ಆದರೆ ಕ್ಲೋರೈಡ್ ಈ ಪರೀಕ್ಷೆಯಲ್ಲಿ ಕಾಣುವುದಿಲ್ಲ, ಅದಕ್ಕೆ ಕಾಂಕ್ರೀಟಿನ ಪುಡಿಯನ್ನು ಪ್ರಯೋಗಾಲಯಕ್ಕೆ ಕಳಿಸಬೇಕು.

ಕಾಂಕ್ರೀಟ್ ದುರಸ್ತಿ ನಡೆಯುವಾಗ, ಒಡೆಯುವ ಮುನ್ನ ಕೆಳಗಿನಿಂದ ಜಾಕಿಗಳ ಆಸರೆ ಕೊಡಲಾಗಿದೆಯೇ, ತುಕ್ಕು ಹಿಡಿದ ಕಂಬಿಯ ಹಿಂಬದಿಯಲ್ಲೂ ಸುಮಾರು 20 ಮಿ.ಮೀ. ಸಂದು ಬಿಡಿಸಿ ಸುತ್ತಲೂ ತುಕ್ಕು ತೆಗೆಯಲಾಗಿದೆಯೇ, ಸವೆದ ಕಂಬಿಯ ಪಕ್ಕ ಹೊಸ ಕಂಬಿ ಸೇರಿಸಲಾಗಿದೆಯೇ ಎಂದು ನೋಡಬೇಕು. ಕಂಬಿಯ ಮುಂಬದಿಯನ್ನಷ್ಟೇ ಉಜ್ಜಿ ಗಾರೆ ಮೆತ್ತಿದ ಕೆಲಸ ಕೆಲವೇ ವರ್ಷಗಳಲ್ಲಿ ಕಳಚುತ್ತದೆ.

ಜಲನಿರೋಧಕ ಪದರ ಮುಗಿದ ಮೇಲೆ, ಅದರ ಮೇಲೆ ಟೈಲ್ ಅಥವಾ ಗಾರೆ ಹಾಕುವ ಮೊದಲೇ, ಕೊಳವೆಗಳ ಬಾಯಿ ಕಟ್ಟಿ 25ರಿಂದ 50 ಮಿ.ಮೀ. ನೀರು ನಿಲ್ಲಿಸಿ 24ರಿಂದ 48 ಗಂಟೆ ಕಾಯಬೇಕು. ದುರ್ಬಲ ಎಂದು ಶಂಕೆಯಿರುವ ತಾರಸಿಯಲ್ಲಿ ಎಂಜಿನಿಯರ್ ಒಪ್ಪದೆ ಈ ಭಾರ ಹೇರುವಂತಿಲ್ಲ. ಕಾಯುವ ಅವಧಿಯಲ್ಲಿ ಕೆಳಗಿನ ಪ್ರತಿ ಕೋಣೆಯನ್ನೂ ಟಾರ್ಚ್ ಹಿಡಿದು ನೋಡಿ, ಹಳೆಯ ಕಲೆಗಳ ಅಂಚು ಹಿಗ್ಗಿದೆಯೇ ಎಂದು ಪೆನ್ಸಿಲ್ ಗೆರೆಗಳ ಸಹಾಯದಿಂದ ಗಮನಿಸಬೇಕು. ಬಳಿಕ ಬಾಯಿಗಳನ್ನು ತೆರೆದು ನೀರು ಬಿಡುವಾಗ ಯಾವ ಕೊಳವೆ ಕಟ್ಟಿಕೊಳ್ಳುತ್ತದೆ, ಕೊನೆಯಲ್ಲಿ ಎಲ್ಲೆಲ್ಲಿ ನೀರು ಉಳಿಯುತ್ತದೆ ಎಂಬುದನ್ನು ಗುರುತಿಸಿ, ಕೊನೆಯ ಕಂತಿನ ಹಣ ಕೊಡುವ ಮೊದಲೇ ಆ ಜಾಗಗಳ ಇಳಿಜಾರನ್ನು ಸರಿಪಡಿಸಿಕೊಳ್ಳಬೇಕು.